ಸೊಸಿ ಹೊಡದಾಗಷ್ಟ ಕೆಡತಿದ್ದ ಗಾಡಿ

ಗಾಡಿ ಕೆಟ್ಟಿದ್ದಿಲ್ಲ. ನನ್ನ ಮಗ ಅದರ ಮೂಗಿಗೆ ತಾಮ್ರದ ತಗಡು ಕಟ್ಟಿದ್ದ. ಖರೆ ನಡದದ್ದು ಇಷ್ಟ. ಆದ್ರ ಇಷ್ಟು ತಿಳಿಯೂದರೊಳಗ ಅಂವ ಹುಬ್ಬಳ್ಳಿ ಶೋರೂಮಿಗೆ ಅಡ್ಡಾಡಿ ಸಾಕಾದ, ಗಂಡ-ಹೆಂಡತಿ ನಡುವ ಮಾತು ನಿಂತವು, ಕಪ್ಪತಗುಡ್ಡದ ಮ್ಯಾಲಿನ ಗಾಳಿಪಂಕಾಗಳ ಮ್ಯಾಲೂ ಅಪವಾದ ಬಂತು. ಕಡೀಕ ಒಂದು ಆಡು ಬಂದು ಬಿಡಿಸಬೇಕಾತು.

ನಮ್ಮ ಮನಿ ಬೆಟಗೇರಿಯೊಳಗ. ಮಗ ಬೀಜ-ಗೊಬ್ಬರದ ಅಂಗಡಿ ಇಟ್ಟಾನ. ಸೊಸಿ ಲಕ್ಷ್ಮೇಶ್ವರದಾಗ ದವಾಖಾನಿಯೊಳಗ ನರ್ಸ್. ಅಕಿ ಡ್ಯೂಟಿ ಒಂದ ವಾರ ಮುಂಜಾನೆ, ಒಂದ ವಾರ ಮಧ್ಯಾಹ್ನ. ಬಸ್ಸಿನವರಿಗೆ ಅಕಿ ಡ್ಯೂಟಿ ಗೊತ್ತಿಲ್ಲ, ದವಾಖಾನಿಯವರಿಗೆ ಬಸ್ಸಿನ ಹೊತ್ತು ಗೊತ್ತಿಲ್ಲ. ನಡುವ ಇಕಿ ಸ್ಟ್ಯಾಂಡಿನ ಕಲ್ಲಿನ ಮ್ಯಾಲ ಕುಂತು ಬಸ್ಸಿನ ದಾರಿ ಕಾಯೂದು. ಹೋದ ವರ್ಷ ತಡಾ ಮಾಡಿ ಮಾಡಿ ಬೈಸಿಕೊಂಡು, ನೌಕರಿ ಬಿಟ್ಟಬಿಡ್ತೀನಿ ಅನ್ನೂ ಮಟ ಬಂದಿತ್ತು. ಅದಕ್ಕಂತನ ಈ ಕಾರ್ ಗಾಡಿ ತಗೊಂಡದ್ದು. ಗಂಡ-ಹೆಂಡತಿ ಇಬ್ಬರೂ ಕೂಡೇ ಕಲಿಯಾಕ ಹೋದರು. ಅಕಿ ಮೊದಲನೇ ಸಲಕ್ಕ ಪಾಸಾದಳು. ಅಂವ ಎರಡನೇ ಸಲಕ್ಕ ಆದ. ಮನಿಯೊಳಗ ಆ ಮಾತು ಯಾರೂ ಎತ್ತೂದಿಲ್ಲ.

ಗಾಡಿಯೊಳಗ ಕ್ರೂಸ್ ಕಂಟ್ರೋಲ್ ಅಂತ ಒಂದ ಐತಿ. ಸ್ಟೇರಿಂಗಿನ ಮ್ಯಾಲಿನ ಗುಂಡಿ ಒತ್ತಿದರ ಗಾಡಿ ತಾನ ಓಡತೈತಿ, ಕಾಲು ತಗದು ಆರಾಮ ಕುಂಡ್ರಬಹುದು. ಮುಂದ ಟ್ರ್ಯಾಕ್ಟರ್ ಬಂತಂದ್ರ ತಾನ ಸಾವಕಾಶ ಆಗತೈತಿ. ಟ್ರ್ಯಾಕ್ಟರ್ ಬಾಜೂಕ ಸರದರ ಮತ್ತ ತಾನ ಜೋರ ಹಿಡಿತೈತಿ. ನಮ್ಮ ಎತ್ತುಗಳು ಇದನ್ನೆಲ್ಲಾ ಯಾವ ಗುಂಡಿನೂ ಇಲ್ಲದ ಮಾಡತಿದ್ದವು. ಇರಲಿ. ಮೊದಲನೇ ದಿನ ಮಗ ನಮ್ಮನ್ನ ಮುಳಗುಂದದ ದಾರಿಗೆ ಕರಕೊಂಡ ಹೋದ. ಮುಂದ ಜ್ವಾಳದ ಕಣಿಕಿ ಹೇರಿದ ಟ್ರ್ಯಾಕ್ಟರ್ ಸಿಕ್ತು. ಗಾಡಿ ತಾನ ಸಾವಕಾಶ ಆತು. ಅದನ್ನ ನೋಡಿ ಅವಂಗ ಎಷ್ಟು ಖುಷಿ ಆತಂದ್ರ, ರಸ್ತೆ ಖಾಲಿ ಇದ್ರೂ ಟ್ರ್ಯಾಕ್ಟರ್ ದಾಟಲಿಲ್ಲ. ಕಣಿಕಿ ಹಿಂದ ನಾವು, ನಮ್ಮ ಹಿಂದ ಒಂದ ಬಸ್ಸು, ಎರಡ ಲಾರಿ, ಒಂದ ಆಂಬುಲೆನ್ಸ್. ಎಲ್ಲಾರೂ ಹಾರ್ನ್ ಹೊಡೀತಾರ. ನಾವು ಮದಿವಿ ಮೆರವಣಿಗಿ ಹೊಂಟಂಗ ಮುಳಗುಂದ ಮುಟ್ಟಿದಿವಿ. ಸೊಸಿ ಅಂದಳು, “ರೀ, ಆಂಬುಲೆನ್ಸಿಗರ ದಾರಿ ಬಿಡ್ರಿ.” ಅಂವ ಅಂದ, “ತಡಿ, ಗಾಡಿ ಏನ ಮಾಡತೈತಿ ನೋಡೂಣು.”

ಮರುವಾರದಿಂದ ಸೊಸಿ ಗಾಡಿ ತಗೊಂಡು ಡ್ಯೂಟಿಗೆ ಹೋಗಾಕ ಹತ್ತಿದಳು. ಆವಾಗ ಶುರು ಆತು. ಅಕಿ ಗುಂಡಿ ಒತ್ತಿದರ ಜರಾ ಹೊತ್ತು ಛಲೋ ಓಡತಿತ್ತು. ಆಮ್ಯಾಲ ಟಣ್ ಅಂತ ಸಪ್ಪಳ, ಒಂದ ಹಳದಿ ದೀಪ, ಕೆಳಗ ಇಂಗ್ಲೀಷಿನಾಗ ಏನೋ ಬರಹ. ನಾ ಕಲತದ್ದು ಕನ್ನಡ ಸಾಲಿ ನಾಕನೇತ್ತೆ. ಸೊಸೀನ ಓದಿ ಹೇಳಿದಳು, “ಸದ್ಯಕ್ಕ ಸಿಗೂದಿಲ್ಲ ಅಂತ ಬಂದೈತ್ರಿ ಅತ್ತಿ.” ಮತ್ತ ಎರಡ ಹರದಾರಿ ಹೋದ ಮ್ಯಾಲ ತಾನ ಬರತಿತ್ತು. ಮತ್ತ ಹೋಗತಿತ್ತು. ಮಗ ಹೊಡದ್ರ ಮಾತ್ರ ಏನೂ ಇಲ್ಲ. ಬಸವಣ್ಣನಂಗ ಹೇಳಿದ ಮಾತು ಕೇಳತಿತ್ತು.

“ನಿನ್ನ ಕೈಯಾಗ ಏನೋ ಐತಿ,” ಅಂದ ಮಗ.

ಮೊದಲ ಬಳಿ ಬಿಚ್ಚಿಸಿದ, ಬಳಿಯೊಳಗ ಕರೆಂಟ್ ಹರೀತೈತಿ ಅಂತ. ಆಮ್ಯಾಲ ಫೋನ್ ಹಿಂದಿನ ಸೀಟಿನ ಮ್ಯಾಲ ಇಡಿಸಿದ. ಆಮ್ಯಾಲ ದವಾಖಾನಿ ಬೂಟು ಬಿಚ್ಚಿಸಿ ಬರಿಗಾಲಲೇ ಹೊಡಿ ಅಂದ. ಯಾವದೂ ನಡೀಲಿಲ್ಲ. ಅಕಿ ಬರಿಗಾಲಲೇ ದವಾಖಾನಿ ಮುಂದ ಇಳದದ್ದು ನೋಡಿ ಅಲ್ಲಿಯ ಆಯಾ ಏನ ಹರಕಿ ಹೊತ್ತೀರಿ ಸಿಸ್ಟರ್ ಅಂತ ಕೇಳಿದ್ಲಂತ. ಒಂದ ದಿನ ಸೊಸಿಗೆ ಸಾಕಾತು. “ಇನ್ನ ಮೈಮ್ಯಾಲ ತಾಳಿ ಒಂದ ಉಳದೈತಿ. ಅದನ್ನೂ ಬಿಚ್ಚಿ ಇಟ್ಟು ನೋಡ್ಲೇನ್ರಿ?” ಅಂದಳು. ಅಂವ ಚಹಾ ಬಿಟ್ಟು ಎದ್ದು ಹ್ವಾದ.

ಈಗ ತಗಡಿನ ಮಾತು. ಗಾಡಿ ತಂದ ವಾರದಾಗನ ಅದನ್ನೂ ತಂದಿದ್ದ. ಯಾರೋ ಶಿರಹಟ್ಟಿ ಕಡೆಯವ ಸಂತ್ಯಾಗ ಕುಂತು ಹೇಳ್ಯಾನಂತ, ಹೆಣ್ಮಕ್ಕಳು ಹೊಸಾ ಗಾಡಿ ಹೊಡಿಯೂದ ಕಂಡ್ರ ಊರ ಕಣ್ಣು ಬೀಳತೈತಿ ಅಂತ. ಅಂಗೈ ಅಗಲದ ತಾಮ್ರದ ತಗಡು, ಅದರ ಮ್ಯಾಲ ಏನೋ ಗೀರಿದ ಯಂತ್ರದ ಚೌಕ ಮನಿಗಳು, ಕೆಳಗ ಲಿಂಬಿಹಣ್ಣು, ಹಸಿ ಮೆಣಸಿನಕಾಯಿ, ಎಲ್ಲಾ ಕರೀ ಉಣ್ಣಿದಾರಕ್ಕ ಪೋಣಿಸಿದ್ದು. ಸೊಸಿ ಗಾಡಿ ತಗಿಯೂ ಮುಂದ ಅಂವ ತಾನ ಹೋಗಿ ಅದನ್ನ ಮುಂದಿನ ಜಾಳಗಿಗೆ, ಕಂಪನಿ ಗುರುತಿನ ಮ್ಯಾಲ ಬರೂ ಹಂಗ ಕಟ್ಟತಿದ್ದ. ತಾ ಹೊಡಿಯೂವಾಗ ಬಿಚ್ಚಿ ಡಿಕ್ಕಿಯೊಳಗ ಇಡತಿದ್ದ. ಗಂಡಸರಿಗೆ ಕಣ್ಣು ಹತ್ತೂದಿಲ್ಲ ಅಂತ ಹೇಳತಿದ್ದ. ನನಗ ಗೊತ್ತು, ಅಂಗಡಿ ಕಟ್ಟಿಮ್ಯಾಲಿನ ಗೆಳ್ಯಾರು ನಗತಾರಂತ ಅಂಜಿಕಿ.

ನಾವೆಲ್ಲಾರೂ ಅದನ್ನ ದಿನಾ ನೋಡತಿದ್ದಿವಿ. ಹೊಸ್ತಲಕ್ಕ ಅರಿಷಿಣ ಹಚ್ಚಿದ್ದನ್ನ ಯಾರರ ಸಾಮಾನಿನೊಳಗ ಲೆಕ್ಕಾ ಹಿಡಿತಾರೇನು? ಹಂಗ ಇದೂ.

ಶೋರೂಮಿಗೆ ಗಾಡಿ ಒಯ್ಯಾಂವ ಮಗನ. ಅಂದ್ರ ತಗಡು ಡಿಕ್ಕಿಯೊಳಗ. ಅಲ್ಲಿಯವರು ಲ್ಯಾಪ್‌ಟಾಪಿನ ವೈರು ಗಾಡಿಗೆ ಸಿಗಸಿ, ಒಂದ ಸುತ್ತು ಹೊಡದು, ತೊಳದು, ವರಿಸಿ, ಏನೂ ತಪ್ಪು ಇಲ್ರಿ ಅಂತ ಕಳಸತಿದ್ದರು. ಮನಿಗೆ ಬಂದು ಸೊಸಿ ಕುಂತಳಂದ್ರ ಮತ್ತ ಟಣ್. ಒಂದ ಮುಂಜಾನೆ ಶೋರೂಮಿನವ ತಾನ ಫೋನ್ ಮಾಡಿದ. ನಾನು ಅಂಗಳದಾಗ ಮೆಣಸಿನಕಾಯಿ ತುಂಬು ಮುರಕೋತ ಕುಂತಿದ್ದೆ. ಮಗ ಫೋನಿನ ಸಪ್ಪಳ ದೊಡ್ಡದು ಮಾಡಿ, ಗಾಡಿ ಬಾನೆಟ್ಟಿನ ಮ್ಯಾಲ ಇಟ್ಟಿದ್ದ.

“ಸರ್, ಗಾಡಿ ಮುಂದ ಎಕ್ಸ್‌ಟ್ರಾ ಏನರ ಹಾಕ್ಸೀರೇನ್ರಿ? ಗಾರ್ಡು, ಸ್ಟಿಕ್ಕರು, ಲೈಟು, ಏನರ? ಮುಂದಿನ ಗಾಡಿ ನೋಡೂ ಸೆನ್ಸರ್ ಅಲ್ಲೇ ಕಂಪನಿ ಗುರುತಿನ ಹಿಂದ ಇರತೈತ್ರಿ. ಅಡ್ಡ ಏನೂ ಬರಬಾರದ್ರಿ.”

“ಏನೂ ಇಲ್ರಿ. ಕಂಪನಿಯಿಂದ ಹೆಂಗ ಬಂದೈತೋ ಹಂಗ ಐತ್ರಿ.”

“ನೋಡಿ ಹೇಳ್ರಿ ಸರ್.”

“ನೋಡೇ ಹೇಳಾಕತ್ತೀನ್ರಿ. ಮುಂದನ ನಿಂತೀನಿ.”

ಖರೇನ ಮುಂದನ ನಿಂತಿದ್ದ. ಎರಡೂ ಕೈಲೇ ಹೊಸಾ ಲಿಂಬಿಹಣ್ಣು ಪೋಣಿಸಿ ತಗಡು ಕಟ್ಟತಿದ್ದ.

ಆವತ್ತ ಸಂಜಿಕ ಅಂವ ತೀರ್ಪು ಕೊಟ್ಟ. “ಐತವಾರ ಮುಂಡರಗಿಗೆ ಹೋಗಿ ಬರೂಣು. ಹೋಗೂವಾಗ ನಾ ಹೊಡಿತೀನಿ, ಬರೂವಾಗ ನೀ. ನಿನ್ನ ಕೈಯಾಗ ಮತ್ತ ನಿಂತಿತಂದ್ರ ಚಾವಿ ನನ್ನ ಕಡೆ. ಲಕ್ಷಗಟ್ಟಲೆ ಗಾಡಿ, ಹಾಳ ಮಾಡಾಕ ಕೊಡೂದಿಲ್ಲ. ನೀ ಬಸ್ಸಿಗೆ ಹೋಗು.”

“ಆತು,” ಅಂದಳು ಸೊಸಿ.

ಅದು ನನಗ ಸೇರಲಿಲ್ಲ. ಅಕಿ ಜಗಳಾಡೂ ಹೆಣ್ಮಗಳು. ಆತು ಅಂದಳಂದ್ರ ನೌಕರಿ ಬಿಡೂ ವಿಚಾರ ಮತ್ತ ಹೊಕ್ಕೈತಿ ಅಂತ ಅರ್ಥ. ಮನ್ಯಾಗ ಕುಂತ್ರ ಇಬ್ಬರೂ ದಿನಾ ನನ್ನ ಮುಂದನ ಜಗಳಾಡತಾರ. ನನಗದು ಬೇಕಾಗಿದ್ದಿಲ್ಲ.

ಮುಂಡರಗಿಯೊಳಗ ನನ್ನ ತಂಗಿ ಮನಿ ಐತಿ, ಅದಕ್ಕ ನಾನೂ ಹತ್ತಿ ಕುಂತೆ. ಹೋಗೂವಾಗ ಮಗ ಹೊಡದ. ತಗಡು ಡಿಕ್ಕಿಯೊಳಗ. ಡಂಬಳ ದಾಟಿದ್ರೂ ಟಣ್ ಅನ್ನಲಿಲ್ಲ. ಗುಡ್ಡದ ಮ್ಯಾಲ ಕರೆಂಟ್ ಮಾಡೂ ಗಾಳಿಪಂಕಾ ತಿರಗತಿದ್ದವು. “ಬರೂವಾಗ ಈ ಪಂಕಾದಿಂದ ಆತು ಅನ್ನಬ್ಯಾಡ ಮತ್ತ. ನನ್ನ ಕೈಯಾಗ ಪಂಕಾ ಏನೂ ಮಾಡಿಲ್ಲ,” ಅಂದ. ಹೋದ ವಾರ ಪಂಕಾದ್ದ ತಪ್ಪು ಅಂದಾಂವ ಅಂವನ. ಸೊಸಿ ಖಿಡಕಿ ಹೊರಗ ನೋಡಕೋತ ಕುಂತಳು.

ತಂಗಿ ಮಿರ್ಚಿ-ಮಂಡಕ್ಕಿ ಮಾಡಿದ್ದಳು. ಎಲ್ಲಾ ಕೇಳಿ ಅಂದಳು, “ಅಕ್ಕಾ, ಗಾಡಿ ತಾನ ಓಡತೈತಂದ್ರ ಅದನ್ನಷ್ಟ ಕಳಸಬೇಕಿಲ್ಲ? ನೀವೆಲ್ಲಾ ಯಾಕ ಬಂದ್ರಿ?”

ಹೊಳ್ಳಿ ಹೊರಡೂ ಮುಂದ ಮಗ ಡಿಕ್ಕಿ ತಗದು ತಗಡು ಕಟ್ಟಿದ, ಕೈ ಮುಗದ, ಹಿಂದ ಬಂದು ಕುಂತ. ನಾ ಮುಂದ, ಸ್ಟೇರಿಂಗ್ ಹಿಡದ ಸೊಸಿ ಬಾಜೂಕ. ಊರು ದಾಟಿ ಅಕಿ ಗುಂಡಿ ಒತ್ತಿದಳು. ಜರಾ ಓಡಿತು. ಟಣ್.

“ನೋಡಿದೇನು!” ಅಂದ ಮಗ. ಇಲೆಕ್ಷನ್ನಿನಾಗ ಆರಿಸಿ ಬಂದವನಂಗ. “ಹ್ವಾತು... ಬಂತು... ಯವ್ವಾ, ನೋಡು, ಮತ್ತ ಹ್ವಾತು.”

ಸೊಸಿ ಮೂಗು ಕೆಂಪಾಗಿತ್ತು. ರಸ್ತೆ ಬಿಟ್ಟು ಕಣ್ಣು ತಗೀಲಿಲ್ಲ. “ನಾಳಿಯಿಂದ ಬುತ್ತಿ ಜಲ್ದಿ ಕಟ್ಟಬೇಕಾಗತೈತ್ರಿ ಅತ್ತಿ. ಬಸ್ಸು ಹಿಡೀಬೇಕು,” ಅಂದಳು. ಅಷ್ಟ.

ಮುಂದ ಕುರಿ ಹಿಂಡು ರಸ್ತೆ ದಾಟತಿತ್ತು. ಗಾಡಿ ನಿಲ್ಲಿಸಿದಳು. ಹಿಂಡಿನೊಳಗಿನ ಒಂದ ಆಡು ನಮ್ಮ ಕಡೆ ತಿರುಗಿ ನೋಡಿತು, ಸೀದಾ ಬಂತು, ಮುಂದಿನ ಕಾಲು ಎರಡೂ ಗಾಡಿಗೆ ಇಟ್ಟು ಮೆಣಸಿನಕಾಯಿ ತಿನ್ನಾಕ ಹತ್ತಿತು. ಮಗ ಬಾಗಲಾ ತಗದು ಒದರಕೋತ ಇಳದ. ಅದು ಅಂಜಿ ಎಳೀತು. ದಾರ ಹರೀತು. ಲಿಂಬಿಹಣ್ಣು ರಸ್ತೆ ತುಂಬ ಉರುಳಿದವು. ಆಡು ಕೊಂಬಿಗೆ ತಗಡು ಜೋತಾಡಿಸಿಕೊಂಡು ಹಿಂಡಿನೊಳಗ ಹೊಕ್ಕಿತು. ಇಸ್ತ್ರಿ ಅಂಗಿ ಹಾಕ್ಕೊಂಡಿದ್ದ ನನ್ನ ಮಗ ಅದರ ಹಿಂದ.

ಕುರಿ ಕಾಯಾಂವ ಬಡಿಗಿ ಊರಿ ನಿಂತು ನೋಡಿದ. “ಸಾವಕಾರ್ರ, ನನ್ನ ಆಡಿನ ಹಿಂದ ಯಾಕ ಬಿದ್ದೀರಿ?”

“ನಿನ್ನ ಆಡು ನನ್ನ ದೃಷ್ಟಿ ತಗಡು ಒಯ್ದೈತೋ!”

“ಅದು ಗಬ್ಬದ ಆಡರಿ. ನಿಮ್ಮ ದೃಷ್ಟಿ ಅದಕ್ಕ ಹತ್ತಿದ್ರ ಏನ ಮಾಡ್ಲಿ? ನೀವ ಹೊಣಿ ನೋಡ್ರಿ ಮತ್ತ.”

ನಮ್ಮ ಸೊಸಿ ಸ್ಟೇರಿಂಗಿಗೆ ಹಣಿ ಹಚ್ಚಿ ನಕ್ಕಳು. ಆ ಸದ್ದು ಕೇಳಿ ಭಾಳ ದಿನಾ ಆಗಿತ್ತು. ಮಗ ಎರೀ ಹೊಲದಾಗ ಒಂದ ಚಪ್ಪಲಿ ಕಳಕೊಂಡು, ತಗಡು ಕಸಗೊಂಡು ಬಂದ. ಕಟ್ಟಾಕ ದಾರ ಇಲ್ಲ, ಕಿಸೇದಾಗ ಇಟಗೊಂಡ.

ಸೊಸಿ ಮತ್ತ ಗುಂಡಿ ಒತ್ತಿದಳು. ಗಾಡಿ ಓಡಿತು. ಡಂಬಳ ಬಂತು, ದಾಟಿತು. ಟಣ್ ಇಲ್ಲ. ಹಿಂದಿನಿಂದ “ಹ್ವಾತು” ಅನ್ನೂ ದನಿನೂ ಇಲ್ಲ. ಮಗ ಮುಂದ ಬಾಗಿ ಅಂದ, “ಕಣ್ಣು ಹತ್ತಿತ್ತು ಯವ್ವಾ. ಆಡು ತನ್ನ ಮ್ಯಾಲ ತಗೊಂಡ ಹ್ವಾತು.”

ಆವಾಗ ನನಗ ಅಂಗಳದಾಗಿನ ಫೋನಿನ ಮಾತು ನೆಪ್ಪಾತು.

“ಲೇ, ತಗಡು ಎಲ್ಲೈತಿ?”

“ಕಿಸೇದಾಗ.”

“ಶೋರೂಮಿನವ ಏನ ಕೇಳಿದ್ದ ನಿನ್ನ? ಮುಂದ ಏನರ ಅಡ್ಡ ಐತೇನು ಅಂತ ಕೇಳಿದ್ದಿಲ್ಲೇನು?”

“ಯವ್ವಾ, ಅಂವ ಕೇಳಿದ್ದು ಸಾಮಾನ. ಇದು ದೇವರದು.”

“ಗಾಡಿಗೆ ಅದೇನ ಗೊತ್ತೋ? ಅದಕ್ಕೇನು ದೀಕ್ಷಾ ಕೊಡಿಸೀಯೇನು?”

ಈ ಮಾತು ಕಿವಿಗೆ ಬೀಳೂದರೊಳಗ ಸೊಸಿ ಗಾಡಿ ರಸ್ತೆ ಬಾಜೂಕ ಹಾಕಿದಳು. ನಾ ನನ್ನ ಎಲಿ-ಅಡಿಕಿ ಚಂಚಿ ದಾರ ಬಿಚ್ಚಿ ಮಗನ ಕೈಗೆ ಕೊಟ್ಟೆ. “ಇಳಿ. ನೀನ ಕಟ್ಟು. ನೀನ ಹೊಡಿ.”

“ನಾ ಹೊಡಿಯೂವಾಗ ಕಟ್ಟೂದಿಲ್ಲಲ್ಲಾ.”

“ಇವತ್ತ ಕಟ್ಟು. ನಿನಗೂ ಯಾರದರ ಕಣ್ಣು ಹತ್ತೀತು, ಅಷ್ಟ ಛಂದ ಅದೀಯಿ.”

ಕಟ್ಟಿದ. ಸೊಸಿ ಹಿಂದ ಹೋಗಿ ಕುಂತಳು, ಅಂವ ಒಂದ ಕಾಲಾಗಷ್ಟ ಚಪ್ಪಲಿ ಇಟಗೊಂಡು ಹೊಡದ. ಗುಂಡಿ ಒತ್ತಿ ಇನ್ನ ಕಾಲು ತಗದಿದ್ದಿಲ್ಲ. ಟಣ್. ಹಳದಿ ದೀಪ. ಸೊಸಿ ಹಿಂದಿನಿಂದ ಸಾವಕಾಶ ಅಂದಳು, “ಹ್ವಾತು.” ಗಾಳಿಗೆ ತಗಡು ಜರಾ ಸರದಿರಬೇಕು, ತಿರುಗಿ ದೀಪ ಆರಿತು. “ಬಂತು,” ಅಂದಳು. ಮತ್ತ ಟಣ್. “ಹ್ವಾತು.” ಅಂವ ಇಳದು ತಗಡು ಬಿಚ್ಚಿದ. ಆಮ್ಯಾಲ ಗದಗ ಮುಟ್ಟೂ ಮಟ ಒಂದೂ ಟಣ್ ಇಲ್ಲ.

ಇಷ್ಟಾದ ಮ್ಯಾಲ ಯಾರರ ಒಪ್ಪಿಕೊಳ್ಳತಾರ. ನನ್ನ ಮಗ ಒಪ್ಪಲಿಲ್ಲ. ಮನಿಗೆ ಬಂದು ಚಾವಿ, ತಗಡು ಎರಡೂ ತನ್ನ ಅಂಗಿ ಕಿಸೇದಾಗನ ಇಟಗೊಂಡ. “ಅಮಾಸಿ ಹತ್ರ ಬಂದೈತಿ, ಅದಕ್ಕ ಹಂಗ ಆತು. ಇನ್ನೊಂದೆರಡ ದಿನಾ ನೋಡೂಣು. ಅಲ್ಲೀ ಮಟ ಅಕಿ ಬಸ್ಸಿಗೆ ಹೋಗ್ಲಿ,” ಅಂದ. ಸೊಸಿ ಬುತ್ತಿ ಡಬ್ಬಿ ತೊಳದು ಬೋರಲ ಹಾಕಿದಳು.

ಮರುದಿನ ಮುಂಜಾನೆ ಅಂವ ಜಳಕಕ್ಕ ಹ್ವಾದ. ನಾ ಗೂಟಕ್ಕ ಹಾಕಿದ್ದ ಅಂಗಿ ಕಿಸೆಯಿಂದ ಎರಡೂ ತಗದೆ. ಚಾವಿ ಸೊಸಿ ಕೈಯಾಗ ಕೊಟ್ಟು, “ನಡಿ, ಹೊತ್ತಾತು,” ಅಂದೆ. ಗಾಡಿ ಓಣಿ ದಾಟಿದ ಮ್ಯಾಲ ತಗಡಿಗೆ ಹುಣಸಿಹಣ್ಣು ಹಚ್ಚಿ ಥಳಥಳ ತಿಕ್ಕಿದೆ. ಅಂವ ಅಂಗಡಿಗೆ ಹೋಗೂ ಸ್ಕೂಟರಿನ ಹ್ಯಾಂಡಲ್ಲಿಗೆ, ಗೆಳ್ಯಾರಿಗೆಲ್ಲಾ ಕಾಣೂ ಹಂಗ, ಮೂರ ಗಂಟು ಹಾಕಿ ಕಟ್ಟಿದೆ. ಅಂವ ದಾರಕ್ಕ ಪೋಣಿಸಾಕ ಅಂತ ತಂದಿಟ್ಟಿದ್ದ ಲಿಂಬಿಹಣ್ಣು ಹಂಗ ಉಳದಿದ್ದವು. ಎರಡು ಹೆಚ್ಚಿ ಅವನ ನಾಷ್ಟಾದ ಅವಲಕ್ಕಿಗೆ ಹಿಂಡಿದೆ.