ಹರಿಗೋಲಿನ ಸುಖವೂ ಕರೆಯಲು ಬಂದ ಅಣ್ಣನೂ

ಹರಿಗೋಲಿನಲ್ಲಿ ಕೂತು ನನ್ನಷ್ಟು ಸಲ ಹೊಳೆ ದಾಟಿದ ಹೆಂಗಸು ನಮ್ಮ ಮಳವಳ್ಳಿ ಸೀಮೆಯಲ್ಲಿ ಇನ್ನೊಬ್ಬಳಿದ್ದರೆ ಎದುರಿಗೆ ಬಂದು ನಿಲ್ಲಲಿ. ಈ ದಡದಲ್ಲಿ ಗಂಡನ ಮನೆ, ಆ ದಡದಲ್ಲಿ ಅವರದೇ ಒಂದು ತುಂಡು ಗದ್ದೆ. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಮದುವೆಯಾಗಿ ಬಂದವಳು ನಾನು. ಗಂಡನಿಗೆ ಮಂಡ್ಯದಲ್ಲಿ ಕೆಲಸ, ಹದಿನೈದು ದಿನಕ್ಕೊಮ್ಮೆ ಬಂದರೆ ಬಂದರು. ಗದ್ದೆ ನೋಡುವವರು ನಾನು, ನಮ್ಮತ್ತೆ. ನಾಟಿ, ಕಳೆ, ಕೊಯ್ಲು ಅಂತ ದಿನಾ ಎರಡು ಸಲ ದಾಟುವುದಿತ್ತು. ಆದ್ದರಿಂದ ಪಯಣದ ಸುಖ ಏನು ಎತ್ತ ಅನ್ನುವುದನ್ನು ನನ್ನನ್ನು ಕೇಳಿ.

ಸುಖ ಎಲ್ಲಿಂದ ಬರಬೇಕು. ಬಿದಿರಿನ ದೊಡ್ಡ ಮಂಕರಿ, ಅದರ ಹೊರಗೆ ಎಮ್ಮೆ ಚರ್ಮ, ಅಷ್ಟೇ ಹರಿಗೋಲು. ಚರ್ಮ ನೆಂದು ನಾತ ಹೊಡೆಯುತ್ತಿತ್ತು, ತಳದಲ್ಲಿ ಯಾವಾಗಲೂ ನಾಲ್ಕು ಬೊಗಸೆ ನೀರು. ಕುಕ್ಕರಗಾಲಲ್ಲಿ ಕೂತರೆ ಮಂಡಿ ನೋವು, ಚಕ್ಕಳಮಕ್ಕಳ ಹಾಕಿದರೆ ಸೀರೆ ಒದ್ದೆ. ಪಕ್ಕದಲ್ಲಿ ಯಾರದೋ ಮೇಕೆ, ಅದಕ್ಕೆ ನನ್ನ ಬುತ್ತಿಯ ಮೇಲೇ ಕಣ್ಣು. ನಡುಹೊಳೆಯಲ್ಲಿ ಹರಿಗೋಲು ಗಿರ್ರನೆ ಒಂದು ಸುತ್ತು ಹಾಕಿದರೆ ಯಾವ ದಡ ಯಾವುದು ಅಂತಲೇ ತಿಳಿಯುತ್ತಿರಲಿಲ್ಲ. ನಾನೋ ಬಾಯಿಬಡುಕಿ, ದಿನಾ ಅಂಬಿಗನ ಮೇಲೆ ರೇಗುತ್ತಿದ್ದೆ.

ಅವನು ಆ ದಡದ ಬೆಸ್ತರವನು. ನಲವತ್ತು ದಾಟಿದ ಒಂಟಿ ಜೀವ. ಎಲ್ಲರೂ ಅವನನ್ನು ಬಾರೋ ಹೋಗೋ ಅನ್ನುತ್ತಿದ್ದರು. ನಾನು ಅಣ್ಣ ಅನ್ನುತ್ತಿದ್ದೆ, ಅದೂ ಜಗಳಕ್ಕೆ.

"ಅಣ್ಣ, ನಿನ್ ಅರಿಗೋಲ್ನಾಗೆ ಕುಂತ್ರೆ ಸೀರೆ ಒಗೆಯಾದೇ ಬ್ಯಾಡ ಕಣ," ಅಂದೆ ಒಂದು ದಿನ.

"ನೆಂದಿದ್ದು ಒಣಗ್ತದೆ ಬುಡವ್ವ. ಮುಳುಗ್ಸಿಲ್ವಲ್ಲ," ಅಂದ.

ಮಾರನೆಯ ದಿನ ನಾನು ಕೂರುವ ಜಾಗದಲ್ಲಿ ಒಂದು ಹಿಡಿ ಹುಲ್ಲಿನ ಕಂತೆ ಬಿದ್ದಿತ್ತು. ಅದರ ಮೇಲೆ ಕೂತೆ, ಸೀರೆ ನೆನೆಯಲಿಲ್ಲ. ನಾನು ಬಸುರಿಯಾದದ್ದು ಹೊರಗೆ ಕಾಣಿಸತೊಡಗಿದ ಮೇಲೆ ಹುಲ್ಲಿನ ಮೇಲೊಂದು ಗೋಣಿಚೀಲ ಬಂತು. ಮೇಕೆಯವನಿಗೆ, "ನೀನು ಮುಂದಿನ್ ಸಲಕ್ಕೆ ಬಾರ್ಲಾ," ಅನ್ನುತ್ತಿದ್ದ. ಹರಿಗೋಲು ಸುತ್ತು ಹಾಕುವುದೂ ನಿಂತಿತು. ಹುಟ್ಟು ಹಾಕುವಾಗ ಅವನ ತೋಳಿನ ನರ ಉಬ್ಬುತ್ತಿದ್ದುದನ್ನು ನೋಡಿದರೆ ಅದು ಸುಲಭದ ಕೆಲಸವಲ್ಲ ಅಂತ ಗೊತ್ತಾಗುತ್ತಿತ್ತು. ಇಷ್ಟು ವರ್ಷದಲ್ಲಿ ಎಷ್ಟೋ ಬಸ್ಸು ಹತ್ತಿದ್ದೇನೆ, ಆ ಉಪಚಾರ ಎಲ್ಲಿಯೂ ಸಿಕ್ಕಿಲ್ಲ.

ನನ್ನ ತವರೂ ಆ ದಡದಲ್ಲೇ. ನಮ್ಮ ಗದ್ದೆಯ ಬದುವಿನ ಮೇಲೆ ನಿಂತರೆ ಅಮ್ಮನ ಮನೆಯ ಹೆಂಚು ಕಾಣುತ್ತಿತ್ತು. ಆದರೆ ಕರೆಯದೆ ತವರಿಗೆ ಹೋಗುವ ಹಾಗಿರಲಿಲ್ಲ. ಚೊಚ್ಚಲ ಬಸುರಿಯನ್ನಂತೂ ತವರಿನ ಗಂಡಸೊಬ್ಬ ಮಡಿಲಕ್ಕಿ ಸಾಮಾನು ಹೊತ್ತು ತಂದು, ಅತ್ತೆಯ ಮನೆಯಲ್ಲಿ ಉಂಡು, ಕರೆದುಕೊಂಡು ಹೋಗಬೇಕು. ಅಪ್ಪ ಇಲ್ಲ. ಅಣ್ಣತಮ್ಮಂದಿರು ಹುಟ್ಟಲೇ ಇಲ್ಲ. ಅಮ್ಮ ಗಂಡ ಸತ್ತವಳು, ಶುಭಕ್ಕೆ ಮುಂದೆ ಬರುವಂತಿಲ್ಲ. ಧಾರೆ ಎರೆದ ಚಿಕ್ಕಪ್ಪ ಅಮ್ಮನೊಂದಿಗೆ ಜಗಳವಾಡಿ ಮಾತು ಬಿಟ್ಟಿದ್ದ. ಏಳು ತಿಂಗಳು ತುಂಬುವುದರೊಳಗೆ ಕರೆಯಬೇಕು, ಎಂಟು ಬಿತ್ತೆಂದರೆ ಹೊಳೆ ದಾಟಿಸುವುದಿಲ್ಲ. ಅಮ್ಮನ ಕೈ ಹಿಡಿದುಕೊಂಡು ಹೆರಬೇಕು, ನನಗೆ ಬೇಕಿದ್ದದ್ದು ಅದೊಂದೇ. ಭಯಕ್ಕೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

"ಕರಿಯೋರು ಬರ್ಲಿ, ನಿಂತ ಕಾಲ್ನಾಗೆ ಕಳಿಸ್ತೀನಿ," ಅನ್ನುತ್ತಿದ್ದರು ನಮ್ಮತ್ತೆ. "ಯಾರೂ ಬರ್ದೆ ಕಳ್ಸಕೆ ನನ್ ಸೊಸೆ ಏನು ಬೀದೀಲಿ ಸಿಕ್ದವ್ಳಾ?"

ಏಳು ತುಂಬಲು ಹತ್ತು ದಿನ ಉಳಿದಿತ್ತು. ಗದ್ದೆಯಿಂದ ಬರುವಾಗ ಹರಿಗೋಲಿನಲ್ಲಿ ಕೂತು ಅತ್ತುಬಿಟ್ಟೆ. ಯಾಕವ್ವ ಅಂದ ಅಂಬಿಗನಿಗೆ ಸಿಡುಕುತ್ತಲೇ ಎಲ್ಲ ಹೇಳಿದೆ. ಅವನು ಹುಟ್ಟು ಹಾಕಿ ದಡ ಮುಟ್ಟಿಸಿದ.

ಮೂರನೆಯ ದಿನ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು ನಿಂತಿದ್ದಾನೆ. ಒಗೆದ ಪಂಚೆ, ಹೊಸ ಟವಲು, ತಲೆಯ ಮೇಲೆ ಮೊರ. "ಎಣ್ಣು ಕರಿಯಾಕೆ ಬಂದಿವ್ನಿ, ಗೌಡ್ತವ್ವ," ಅಂದ.

ಸುಳ್ಳೇಕೆ ಹೇಳಲಿ, ನನಗೆ ಮೊದಲು ಆದದ್ದು ನಾಚಿಕೆ. ತವರಿಗೆ ಗಂಡು ದಿಕ್ಕಿಲ್ಲ ಅಂತ ಊರಿಗೆಲ್ಲ ಸಾರಿದ ಹಾಗಾಯಿತಲ್ಲ ಅಂತ ಬಾಗಿಲ ಹಿಂದೆ ಸರಿದೆ. ಅತ್ತೆ ಮೊರ ಇಳಿಸಿಕೊಂಡರು. ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ, ಹಸಿರು ಬಳೆ, ಎಲ್ಲ ಅಮ್ಮ ಕಟ್ಟಿಕೊಟ್ಟದ್ದು. ಅದರ ಪಕ್ಕದಲ್ಲಿ ಹಸಿ ಹುಲ್ಲು ಸುತ್ತಿದ ಇನ್ನೊಂದು ಗಂಟಿತ್ತು. ಬಿಚ್ಚಿದರೆ ಇನ್ನೂ ಬಾಲ ಬಡಿಯುತ್ತಿರುವ ದೊಡ್ಡ ಮೀನು. ಅವತ್ತು ಸೋಮವಾರ. ನಮ್ಮ ಮನೆಯಲ್ಲಿ ಸೋಮವಾರ ಮೀನು ಮಾಂಸ ಹೊಸಿಲು ದಾಟುತ್ತಿರಲಿಲ್ಲ.

"ಸ್ವಾಮಾರ ಮೀನ್ ತಂದಿದ್ದೀಯಲ್ಲೋ," ಅಂದರು ಅತ್ತೆ.

ಅವನ ಮುಖ ಬಿಳಿಚಿಕೊಂಡಿತು. "ತಪ್ಪಾಯ್ತು ಕಣವ್ವ. ವೊಳೇಲಿ ಇರೋನಿಗೆ ವಾರ ಎಲ್ ಗೊತ್ತಾಯ್ತದೆ. ಬರಿಗೈಲಿ ಬರಬಾರ್ದು, ನಂದೂ ಒಂದ್ ಇರ್ಲಿ ಅಂತ ತಂದೆ."

ಅತ್ತೆ ಮೀನನ್ನೇ ನೋಡುತ್ತ ನಿಂತರು. ಅವನು ಹೀಗೇ ಹಿಂದಿರುಗಿದರೆ ಕರೆಯಲು ಬರುವವರು ಇನ್ನು ಯಾರೂ ಇಲ್ಲ ಅಂತ ನನಗೆ ಗೊತ್ತಿತ್ತು.

"ಬೆಸ್ತರ ಅಣ್ಣ ಮೀನ್ ತರ್ದೆ ಇನ್ನೇನ್ ತಂದಾನು," ಅಂದರು ಅತ್ತೆ ಕೊನೆಗೆ. "ಇತ್ಲ ಬಾನೀಲಿ ನೀರದೆ, ಮೀನ್ನ ಅದ್ರೊಳೀಕೆ ಬುಡೋಗು. ನಾಳೆ ಸಾರು ಮಾಡ್ತೀನಿ."

ಉಣ್ಣುವ ಹೊತ್ತಿಗೆ ಅವನು ವಾಡಿಕೆಯಂತೆ ಜಗಲಿಯ ತುದಿಯಲ್ಲಿ ಕೂತ. ಅತ್ತೆ ಹೊರಗೆ ಬಂದು, "ಅಲ್ಲಲ್ಲ, ಒಳೀಕೆ ಬಾ. ಕರಿಯಾಕೆ ಬಂದೋನು ಜಗಲೀಲಿ ಉಂಡ್ರೆ ನಾನು ಎಣ್ಣ ಎಂಗೆ ಕಳಿಸ್ಲಿ?" ಅಂದರು. ನಡುಮನೆಯಲ್ಲಿ ಮಣೆ ಹಾಕಿ, ಎಲೆ ಹಾಕಿ, ಪಾಯಸ ಎರಡು ಸಲ ಬಡಿಸಿದರು. ಅವನು ತಲೆ ಎತ್ತದೆ ಉಂಡ. ಬಾಗಿಲ ಹಿಂದೆ ಅವಿತುಕೊಂಡದ್ದು ನೆನಪಾಗಿ ನನಗೆ ಅಳು ಬಂತು.

ಆ ದಿನ ಹರಿಗೋಲಿನಲ್ಲಿ ಬೇರೆ ಯಾರನ್ನೂ ಹತ್ತಿಸಲಿಲ್ಲ, ನನ್ನೊಬ್ಬಳನ್ನೇ ದಾಟಿಸಿದ. ಅಮ್ಮನ ಕೈ ಹಿಡಿದುಕೊಂಡೇ ಹೆತ್ತೆ, ಹೆಣ್ಣು ಮಗು. ಅಲ್ಲಿಂದ ಮುಂದೆ ಪ್ರತಿ ಗೌರಿ ಹಬ್ಬಕ್ಕೂ ಅವನೇ ಕರೆಯಲು ಬಂದ, ಬಂದಾಗಲೆಲ್ಲ ನಡುಮನೆಯಲ್ಲೇ ಉಂಡ.

ಸ್ವರಾಜ್ಯ ಬಂದ ವರ್ಷ ಜ್ವರ ಬಂದು ಹೋಗಿಬಿಟ್ಟ. ಬೆಳಿಗ್ಗೆ ಸುದ್ದಿ ಬಂದಾಗ ನಾನು ರೊಟ್ಟಿ ತಟ್ಟುತ್ತಿದ್ದೆ. ಅವನ ಜಾತಿಯವರು ಮಾಡುವುದನ್ನು ಮಾಡುತ್ತಾರೆ, ನಾನು ಅವನಿಗೆ ಏನಾಗಬೇಕು ಅಂತ ಯಾರಾದರೂ ಕೇಳಿದರೆ ಏನು ಹೇಳಲಿ ಅಂದುಕೊಂಡು, ಅಳು ನುಂಗಿಕೊಂಡು ರೊಟ್ಟಿ ತಟ್ಟುತ್ತಲೇ ಇದ್ದೆ. ಅತ್ತೆ ಬಂದು ನನ್ನ ಕೈಯಿಂದ ಹಿಟ್ಟು ತೆಗೆದಿಟ್ಟರು.

"ಒಲೆ ಮುಟ್ಬ್ಯಾಡ, ಏಳು. ತಲೆ ಮೇಲೆ ನೀರು ಉಯ್ಕೊಬೇಕು. ನಿನ್ ತವ್ರಲ್ಲಿ ಸಾವಾಗದೆ," ಅಂದು, ಹಿತ್ತಲಿಗೆ ಕರೆದುಕೊಂಡು ಹೋಗಿ, ತಾವೇ ನನ್ನ ತಲೆಗೆ ನೀರು ಹೊಯ್ದರು.