ಆಚಾರ್ರ ಮೂಗು

ಆಚಾರ್ರ ಬೆರಳ ತುದಿಗಳಲ್ಲಿ ಯಾವಾಗಲೂ ಒಣಗಿದ ಅಂಟಿನ ಪೊರೆ ಇರುತ್ತಿತ್ತು. ಮಾತಾಡುತ್ತಾ ಕೂತರೆ ಅದನ್ನು ಬೆಳ್ಳುಳ್ಳಿ ಸಿಪ್ಪೆಯಂತೆ ಸುಲಿಯುತ್ತಿದ್ದರು. ಸುಲಿದ ಚೂರನ್ನು ಬೆಳಕಿಗೆ ಹಿಡಿದರೆ ಬೆರಳಿನ ಗೆರೆಗಳೆಲ್ಲ ಅದರಲ್ಲಿ ಮೂಡಿರುತ್ತಿದ್ದವು. ಆಮೇಲೆ ಅದನ್ನೊಮ್ಮೆ ಮೂಸಿ ಬಿಸಾಡುತ್ತಿದ್ದರು. ನನಗೋ ಹೇಸಿಗೆ. "ಅದೇನು ಆಚಾರ್ರೇ, ಸಿಕ್ಕಿದ್ದನ್ನೆಲ್ಲ ಮೂಸ್ತೀರಿ?" ಎಂದರೆ, "ಅಂಟು ಹಳೇದಾಗಿದ್ರೆ ಕಣ್ಣಿಗೆ ಗೊತ್ತಾಗಲ್ಲ ಮಾರಾಯ್ತಿ, ಮೂಗಿಗೆ ಗೊತ್ತಾಗತ್ತೆ" ಎನ್ನುತ್ತಿದ್ದರು.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮ ಮನೆಯ ಎದುರಿಗೇ ಅವರ ಮನೆ, ಪಕ್ಕದಲ್ಲಿ ಶೀಟು ಹೊದಿಸಿದ ಶೆಡ್ಡು. ಮೊದಲು ಕಾರ್ಖಾನೆಯಲ್ಲಿದ್ದರು. ಕಬ್ಬಿಣದ ಎರಕ ಹೊಯ್ಯುವ ಮುಂಚೆ ಅದೇ ಆಕಾರದ್ದನ್ನು ಮರದಲ್ಲಿ ಮಾಡಿಕೊಡಬೇಕಲ್ಲ, ಅದು ಅವರ ಕೆಲಸ. ಮರದಲ್ಲಿ ಕೂದಲಷ್ಟು ಓರೆಯಾದರೂ ಎರಕವೆಲ್ಲ ಓರೆ. ಕಾರ್ಖಾನೆಯ ಕೆಲಸ ಹೋಗಿ ಸ್ವಂತ ಬಡಗಿ ಕೆಲಸಕ್ಕೆ ಇಳಿದ ಮೇಲೂ ಆ ಚಟ ಮಾತ್ರ ಹೋಗಲಿಲ್ಲ. ಯಾರ ಮನೆಯ ಗೋಡೆಯಲ್ಲಾದರೂ ಕ್ಯಾಲೆಂಡರು ಓರೆಯಾಗಿದ್ದರೆ ಎದ್ದು ಹೋಗಿ ಸರಿಮಾಡಿ ಬಂದು ಕೂರುತ್ತಿದ್ದರು. ಮನೆಯವರು ಏನಂದುಕೊಂಡಾರು ಎಂಬ ಸಂಕೋಚವೇ ಇರಲಿಲ್ಲ.

ಹಾಗೆ ಅವರ ಕಣ್ಣಿಗೆ ಬಿದ್ದ ಇನ್ನೊಂದು ಓರೆ ನಾನು. ಪೋಲಿಯೊ ಬಂದು ನನ್ನ ಬಲಗಾಲು ಗಿಡ್ಡವಾಗಿಯೇ ಉಳಿಯಿತು. ಆಸ್ಪತ್ರೆಯಲ್ಲಿ ಕೊಟ್ಟ ಬೂಟು ತೂಕದ ಕಲ್ಲಿನಷ್ಟು ಭಾರ. ಚಮ್ಮಾರರ ಹತ್ತಿರ ರಬ್ಬರಿನ ಪದರ ಹಚ್ಚಿಸಿದರೆ ಮಳೆಗಾಲದ ಮೊದಲ ವಾರವೇ ಬಾಯಿ ಬಿಡುತ್ತಿತ್ತು. ನಾನು ಶಾಲೆಗೆ ಹೋಗುವಾಗ ಒಂದು ದಿನ ಆಚಾರ್ರು ಶೆಡ್ಡಿನಿಂದ ಕೂಗಿದರು. "ಏಯ್, ಬಾ ಇಲ್ಲಿ. ಎಷ್ಟು ದಿನ ಹೀಗೆ ಸೊಟ್ಟಗೆ ನಡೀತೀಯ?" ಮುಖಕ್ಕೆ ಹೊಡೆದ ಹಾಗೆ ಕೇಳಿದ್ದರು. ನನಗೆ ಸಿಟ್ಟು ಬಂತು, ಅಳುವೂ ಬಂತು. ಅವರು ಅದ್ಯಾವುದನ್ನೂ ಗಮನಿಸದೆ ನನ್ನ ಚಪ್ಪಲಿಯನ್ನು ಕಿತ್ತುಕೊಂಡರು.

ಶಿವನೆ ಮರದ ತೆಳು ಹಲಗೆಗಳನ್ನು ಒಂದರ ಮೇಲೊಂದು, ಎಳೆ ಅಡ್ಡಡ್ಡ ಬರುವ ಹಾಗೆ ಜೋಡಿಸಿ ಅಂಟಿಸಿ, ಬಲಗಾಲಿನ ಚಪ್ಪಲಿಗೆ ದಪ್ಪ ಅಟ್ಟೆ ಮಾಡಿದರು. ಹಗುರಾದ ಮರ ಅದು. ಯಾವ ಅಂಟು ಹಾಕುವುದು ಎಂದು ಮಾತ್ರ ತುಂಬಾ ಯೋಚಿಸಿದರು. ದನದ ಚರ್ಮ, ಮೂಳೆ ಬೇಯಿಸಿ ಮಾಡುವ ಮರವಜ್ರ ನೀರು ತಾಗಿದರೆ ಕರಗುತ್ತದೆ. ಬಿಳಿ ಗಮ್ಮು ಮನೆಯೊಳಗಿನ ಕುರ್ಚಿ ಮೇಜಿಗೆ ಸರಿ, ಕೆಸರಿಗಲ್ಲ. ಕೊನೆಗೆ ಎರಡು ಡಬ್ಬಿಯಿಂದ ಸಮಸಮ ತೆಗೆದು ಕಲಸುವ ಗಟ್ಟಿ ಅಂಟನ್ನು ಹಾಕಿ, ಕ್ಲಾಂಪು ಬಿಗಿದು, ಮೂರು ದಿನ ಮುಟ್ಟಗೊಡಲಿಲ್ಲ. ಆ ಚಪ್ಪಲಿ ಮೆಟ್ಟಿ ನಿಂತಾಗ ಎದುರಿನ ನಮ್ಮ ಮನೆಯ ಕಿಟಕಿ ಮೊದಲ ಬಾರಿಗೆ ನನಗೆ ನೆಟ್ಟಗೆ ಕಂಡಿತು. ನಾನು ಬೆಳೆದ ಹಾಗೆಲ್ಲ ಹೊಸದು ಮಾಡಿಕೊಟ್ಟರು. ಶಿವಮೊಗ್ಗದಲ್ಲಿ ಕೆಲಸ ಸಿಕ್ಕಿ ವಿದ್ಯಾನಗರದಲ್ಲಿ ಮನೆ ಮಾಡಿದ ಮೇಲೂ ಅಟ್ಟೆ ಸವೆದಾಗಲೆಲ್ಲ ಬಸ್ಸು ಹತ್ತಿ ಅವರ ಶೆಡ್ಡಿಗೇ ಹೋಗುತ್ತಿದ್ದೆ.

ಅವಸರದವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ವಿದ್ಯಾನಗರದ ನನ್ನ ಪರಿಚಯದವರೊಬ್ಬರು ಗೃಹಪ್ರವೇಶಕ್ಕೆಂದು ನನ್ನ ಮಾತಿನ ಮೇಲೆ ಇವರಿಗೆ ಊಟದ ಮೇಜು ಹೇಳಿದ್ದರು. ಹಿಂದಿನ ದಿನ ಗಾಡಿ ತಂದರೆ ಮೇಜು ಇನ್ನೂ ಕ್ಲಾಂಪಿನಲ್ಲಿತ್ತು. "ಕೊಡಲ್ಲ, ಅಂಟು ಇನ್ನೂ ಹಿಡಿದಿಲ್ಲ" ಎಂದರು. "ನೆಂಟರು ಬರ್ತಾರೆ ಆಚಾರ್ರೇ!" ಎಂದು ಬಂದವರು ಅಂಗಲಾಚಿದರು. "ಬರ್ಲಿ. ಒಂದಿನ ನೆಲದ ಮೇಲೆ ಕೂತು ಉಣ್ಲಿ. ಯಾರಿಗೂ ಕುಂಡಿ ಸವೆಯಲ್ಲ." ನನ್ನ ಮಾನ ಹೋಯಿತು. ಗಾಡಿ ಖಾಲಿ ಹೋಯಿತು.

ಇಂಥವರಿಗೆ ಕೊನೆಗಾಲದಲ್ಲಿ ಸಿಕ್ಕಿದ್ದು ಬರೀ ಅವಸರದ ಕೆಲಸ. ಎಲ್ಲರಿಗೂ ಹೊಳೆಯುವ ಮೈಕಾ ಹಾಳೆಯ ಅಡುಗೆಮನೆಯೇ ಬೇಕು. ಅದಕ್ಕೆ ರಬ್ಬರ್ ಸಲ್ಯೂಷನ್. ಹಲಗೆಗೂ ಹಾಳೆಗೂ ಬಳಿದು, ಬೆರಳಿಗೆ ಅಂಟದಷ್ಟು ಒಣಗಿಸಿ, ಒತ್ತಿದರೆ ಮುಗಿಯಿತು. "ಇದು ಅಂಟಲ್ಲ ಮಾರಾಯ್ತಿ, ಆತುರ" ಎಂದು ಗೊಣಗುತ್ತಲೇ ಬಳಿಯುತ್ತಿದ್ದರು. ಅದರ ಘಾಟು ತಲೆಗೇರುತ್ತದೆ, ಬೆಂಕಿ ಕಂಡರೆ ಭಗ್ಗೆನ್ನುತ್ತದೆ. ಬಾಗಿಲು ತೆರೆದಿಟ್ಟು ಬಳಿಯಬೇಕು. ಆದರೆ ತೆರೆದರೆ ಗಾಳಿಗೆ ಮರದ ಹೊಟ್ಟು ಹಾರಿ ಬಂದು ಅಂಟಿನ ಮೇಲೆ ಕೂರುತ್ತದೆ, ಹಾಳೆಯಡಿ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಕೆಲಸವನ್ನು ಅವರು ಯಾರಿಗೂ ಕೊಟ್ಟವರಲ್ಲ. ಹಾಗಾಗಿ ಬಾಗಿಲು, ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಆ ಘಾಟನ್ನು ವರ್ಷಗಟ್ಟಲೆ ಕುಡಿದರು.

ಅದು ಅವರಿಗೆ ಏನು ಮಾಡಿದೆ ಎಂದು ತಿಳಿದ ದಿನ ನಾನು ಅಲ್ಲೇ ಇದ್ದೆ. ಹಳೆಯ ಪೆಟ್ಟಿಗೆಯೊಂದರ ರಿಪೇರಿಗೆ ಮರವಜ್ರ ಕಾಯಿಸಲು ಒಲೆಯ ಮೇಲೆ ಇಟ್ಟಿದ್ದರು. ನೀರೆಲ್ಲ ಇಂಗಿ ಅದು ಸೀಯತೊಡಗಿತು. ಸತ್ತ ಪ್ರಾಣಿಯನ್ನು ಸುಟ್ಟಂಥ ನಾತ. ಬೀದಿಯವರೆಲ್ಲ ಮೂಗು ಮುಚ್ಚಿಕೊಂಡು ಹೊರಗೆ ಬಂದರು. ಆಚಾರ್ರು ಒಲೆಯ ಪಕ್ಕದಲ್ಲೇ ಕೂತು ನೆಮ್ಮದಿಯಾಗಿ ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದರು.

ಅಕ್ಕ, ಎಂದರೆ ಅವರ ಹೆಂಡತಿ, ಓಡಿ ಬಂದು ಒಲೆ ಆರಿಸಿದರು. ಒಂದು ಗಳಿಗೆ ಗಂಡನ ಮುಖವನ್ನೇ ನೋಡಿ, ಹಿಂದಿನಿಂದ ಒಂದು ಕೈಯಲ್ಲಿ ಅವರ ಕಣ್ಣು ಮುಚ್ಚಿ, ಇನ್ನೊಂದು ಕೈಯಲ್ಲಿ ಸೀಮೆಎಣ್ಣೆಯ ಬಾಟಲಿಯನ್ನು ಮೂಗಿಗೆ ಹಿಡಿದರು. "ಏನ್ರೀ ಇದು? ಹೇಳಿ."

ಆಚಾರ್ರು ಆಳವಾಗಿ ಉಸಿರೆಳೆದರು. ಮತ್ತೊಮ್ಮೆ ಎಳೆದರು. "ನೀರಾ?" ಎಂದರು.

ಅಕ್ಕ ಬಾಟಲಿಗೆ ಬಿರಡೆ ಹಾಕಿ, ಅಂದೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಆ ಘಾಟಿನಿಂದಲೇ ಹೀಗಾಗಿರಬೇಕು, ವಾಸನೆ ತಿರುಗಿ ಬರುವುದು ಅನುಮಾನ, ಸಲ್ಯೂಷನ್ ಬಿಡಿ ಎಂದರು. ನಾನೂ ಬಾಯಿಗೆ ಬಂದಂತೆ ಬೈದೆ. "ಬಿಟ್ಟು ಏನು ಮಾಡ್ಲಿ? ಬೇರೆ ಕೆಲ್ಸ ಯಾರು ಕೊಡ್ತಾರೆ?" ಎಂದು ಕೇಳಿದರು.

ಅಕ್ಕ ಬೇರೆ ದಾರಿ ಹುಡುಕಿದರು. ಶೆಡ್ಡಿನೊಳಗೆ ಕಾಳಿಕಾಂಬೆಯ ಪಟಕ್ಕೆ ದಿನಾ ಸಂಜೆ ದೀಪ ಹಚ್ಚುವುದು ಆಚಾರ್ರ ಪದ್ಧತಿ. "ನಾನು ಮೂಸಿ ಹೇಳೋ ತನಕ ಕಡ್ಡಿ ಗೀರಬಾರ್ದು" ಎಂದು ಪಟದ ಮುಂದೆಯೇ ಆಣೆ ಹಾಕಿಸಿಕೊಂಡರು. ಅಂದಿನಿಂದ ಸಂಜೆ ಬಂದು ಬಾಗಿಲು ಕಿಟಕಿ ತೆರೆದು, ಒಂದೊಂದು ಡಬ್ಬಿಯ ಮುಚ್ಚಳಕ್ಕೂ ಮೂಗು ತಾಗಿಸಿ, "ಹಚ್ಚಿ" ಎನ್ನುತ್ತಿದ್ದರು. ಆಚಾರ್ರು ಕಡ್ಡಿ ಹಿಡಿದುಕೊಂಡು ಕಾಯುತ್ತಿದ್ದರು. ಅಷ್ಟು ಜಂಬದ ಮನುಷ್ಯ ಹಾಗೆ ಕಾಯುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಹೋದ ವರ್ಷ ಆಯುಧಪೂಜೆಯ ಹಿಂದಿನ ಸಂಜೆಯೂ ಅಕ್ಕ ಎಲ್ಲವನ್ನೂ ಮೂಸಿ ನೋಡಿದ್ದರು. ಎಲ್ಲ ಭದ್ರವಾಗಿತ್ತು. ಬೆಳಿಗ್ಗೆ ಅವರು ಹೂವು, ಬೂದುಗುಂಬಳ ತರಲು ಪೇಟೆಗೆ ಹೋದರು. ಉಳಿ, ಗರಗಸ, ಉಜ್ಜುಗೊರಡುಗಳನ್ನೆಲ್ಲ ತೊಳೆದು ಪಟದ ಮುಂದೆ ಜೋಡಿಸಿಟ್ಟು, ಕುಂಕುಮ ಹಚ್ಚಿ, ಆಚಾರ್ರು ಮುಚ್ಚಿದ ಶೆಡ್ಡಿನಲ್ಲಿ ದೀಪಕ್ಕೆ ಕಡ್ಡಿ ಗೀರಿದರು. ಅಕ್ಕ ಬೀದಿಯ ತುದಿಗೆ ಬರುವಷ್ಟರಲ್ಲಿ ಶೀಟುಗಳ ಸಂದಿಯಿಂದ ಬೆಂಕಿ ಬರುತ್ತಿತ್ತು.

ಶಿವಮೊಗ್ಗದ ಆಸ್ಪತ್ರೆಗೆ ತಂದಾಗ ಅವರಿಗೆ ಪ್ರಜ್ಞೆ ಇತ್ತು. ನಾನು ವಿದ್ಯಾನಗರದಿಂದ ಆಟೋದಲ್ಲಿ ಓಡಿದೆ. ಎರಡೂ ಕೈಗೆ, ಎದೆಗೆ, ಕತ್ತಿಗೆ ಬ್ಯಾಂಡೇಜು. ಅಕ್ಕ ಒಂದೇ ಪ್ರಶ್ನೆ ಕೇಳುತ್ತಿದ್ದರು. "ನಿನ್ನೆ ನಾನೇ ಮೂಸಿದ್ದೆನಲ್ರೀ, ಯಾವ ಡಬ್ಬಿ ತೆಗೆದ್ರಿ?"

ಅವರ ದನಿ ಗೊರಗೊರ ಎನ್ನುತ್ತಿತ್ತು. "ರಾತ್ರಿ ನೀನು ಒಳಗೆ ಹೋದ್ಮೇಲೆ ನೋಡ್ದೆ. ಹೊಸಮನೆಯವರ ಕಪಾಟಿನ ಬಾಗಿಲು... ಒಂದು ಮೂಲೆ ಎದ್ದಿತ್ತು. ಹಬ್ಬದ ದಿನ ಅದನ್ನ ಹಾಗೆ ಹೆಂಗೆ ಬಿಡೋದು? ಚೂರು ಬಳಿದು ಒತ್ತಿದೆ. ಮುಚ್ಚಳ ಹಾಕಿದ್ದೆ." ಮುಚ್ಚಳ ಸರಿಯಾಗಿ ಕೂರದೆ ರಾತ್ರಿಯಿಡೀ ಆವಿ ತುಂಬಿದ್ದು ಶೆಡ್ಡಿನ ಬಾಗಿಲು ತೆಗೆದ ಬೇರೆ ಯಾರಿಗಾದರೂ ತಿಳಿಯುತ್ತಿತ್ತು. ಅವರೊಬ್ಬರಿಗೆ ತಿಳಿಯಲಿಲ್ಲ. ಅಕ್ಕ ಬರುವಷ್ಟರಲ್ಲಿ ಪೂಜೆಗೆ ಎಲ್ಲ ಸಿದ್ಧವಾಗಿರಲಿ ಎಂಬ ಸಂಭ್ರಮದಲ್ಲಿ ಆಣೆಯನ್ನೂ ಮರೆತು ಹಚ್ಚಿಬಿಟ್ಟಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದು, "ಆ ಮೂಲೆ ಕೂತಿದೆಯೇನೇ?" ಎಂದು ಕೇಳಿದರು.

ಕಪಾಟಿನ ಬಾಗಿಲು ಬೂದಿಯಾಗಿತ್ತು. ಅಕ್ಕ ಸೆರಗಿನಿಂದ ಅವರ ಹಣೆ ಒರೆಸಿ, "ಕೂತಿದೆ ಕಣ್ರೀ. ಗಟ್ಟಿ ಕೂತಿದೆ" ಎಂದರು. ಮಾರನೆಯ ದಿನ ಆಚಾರ್ರು ಹೋದರು.

ಅವರನ್ನು ಓಲ್ಡ್ ಟೌನಿನ ಮನೆಯ ಅಂಗಳದಲ್ಲಿ ಮಲಗಿಸಿದ್ದರು. ಸುಟ್ಟ ಶೆಡ್ಡಿನ ವಾಸನೆ ಇನ್ನೂ ಬೀದಿಯಲ್ಲಿತ್ತು. ಎಲ್ಲರೂ ಗೇಟಿನ ಹೊರಗೆ ಚಪ್ಪಲಿ ಬಿಡುತ್ತಿದ್ದರು, ನಾನೂ ಬಿಟ್ಟೆ. ಶಿವನೆ ಮರದ ಆ ಅಟ್ಟೆಯಿಲ್ಲದೆ ನಾಲ್ಕು ಹೆಜ್ಜೆ ಕುಂಟಿ, ಅವರ ಕಾಲ ಬಳಿ ಗೋಡೆ ಹಿಡಿದು ಸೊಟ್ಟಗೆ ನಿಂತೆ. ಅಳು ತಡೆಯಲಾಗಲಿಲ್ಲ. ಮೂಲೆಯಲ್ಲಿ ಹೆಂಗಸರ ನಡುವೆ ಕೂತಿದ್ದ ಅಕ್ಕ ನನ್ನನ್ನೇ ನೋಡುತ್ತಿದ್ದರು. ಎದ್ದರು. ಯಾರೋ ಹಿಡಿದುಕೊಳ್ಳಲು ಹೋದರೆ ಕೈ ಕೊಡವಿ ಗೇಟಿನ ತನಕ ಹೋಗಿ, ನನ್ನ ಚಪ್ಪಲಿ ತಂದು ಕಾಲ ಬಳಿ ಇಟ್ಟರು.

"ಹಾಕ್ಕೋ ಮಾರಾಯ್ತಿ" ಎಂದರು. "ಅವರೆದುರಿಗೆ ಓರೆ ನಿಂತ್ಕೋಬೇಡ."