ವೈನಿ ಬರೆದ ಎರಡು ಅಕ್ಷರ

ಹೋದ ತಿಂಗಳು ಬೀದರದ ಮೈಲೂರಿನ ನಮ್ಮ ಮನೆಯ ಒಳಕೋಣೆಗೆ ಹೊಸ ಫರಸಿ ಹಾಕಿಸುತ್ತಿದ್ದೆ. ಹಳೆಯ ಕಲ್ಲು ಎಬ್ಬಿಸಿದ ಗೌಂಡಿ, ಸಂದಿಯೊಳಗಿಂದ ಒಂದು ಕಡ್ಡಿ ಹೆಕ್ಕಿ ನನ್ನ ಕೈಗೆ ಕೊಟ್ಟ. ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಕಡ್ಡಿ. ಒಂದು ತುದಿ ಮೊಂಡ, ಇನ್ನೊಂದು ತುದಿಯ ಮೇಲೆ ಹಲ್ಲಿನ ಗುರುತು.

“ಇದು ಪೆನ್ನೇನ್ರಿ ಅಕ್ಕೋರ? ಶಾಯಿ ಹಾಕ್ಲಿಕ್ಕ ಜಾಗಾನೇ ಇಲ್ಲ ಇದಕ್ಕ” ಎಂದ.

“ಪೆನ್ನೇ. ಅದಕ್ಕ ಶಾಯಿ ಬೇಕಾಗಿರ್ಲಿಲ್ಲ” ಎಂದೆ.

ಕಚ್ಚಿದ ಆ ತುದಿಯನ್ನು ಬೆರಳಿನಿಂದ ಸವರುತ್ತ ಅಲ್ಲೇ ಬಾಗಿಲಲ್ಲಿ ಕೂತುಬಿಟ್ಟೆ. ಅವು ವೈನಿಯ ಹಲ್ಲಿನ ಗುರುತುಗಳು. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ವಯಸ್ಸಿನಲ್ಲಿ ನನಗಿಂತ ಒಂದೇ ವರ್ಷ ದೊಡ್ಡವಳು. ಬರೆಯುತ್ತ ಬರೆಯುತ್ತ ಒಂದು ಗೀಟು ಮರೆತರೆ ಸಾಕು, ಈ ಕಡ್ಡಿ ಅವಳ ಹಲ್ಲಿಗೆ ಸಿಗುತ್ತಿತ್ತು...

ಅಣ್ಣ ಭಾಲ್ಕಿಯಲ್ಲಿ ಡಿಪ್ಲೊಮಾ ಮುಗಿಸಿ ಪುಣೆಯ ಒಂದು ಕಾರ್ಖಾನೆ ಸೇರಿದ್ದ. ಅಲ್ಲಿಂದ ಕೆಲವರನ್ನು ಜಪಾನಿಗೆ ಕಳಿಸುತ್ತಾರೆಂದು ತಿಳಿದ ಮೇಲೆ ಆ ಭಾಷೆ ಕಲಿಯಲು ಕೂತ. ಅದಕ್ಕೆಂದೇ ಯಾರಿಂದಲೋ ಒಂದು ಹಳೆಯ ವಿಡಿಯೊ ಗೇಮು ಕೊಂಡು ತಂದ. ಕನ್ನಡಿ ಇರುವ ಪೌಡರ್ ಡಬ್ಬಿಯ ಹಾಗೆ ತೆರೆದುಕೊಳ್ಳುವ ಯಂತ್ರ. ಮೇಲೊಂದು ಪರದೆ, ಕೆಳಗೊಂದು ಪರದೆ. ಮೇಲಿನದು ಅಕ್ಷರ ತೋರಿಸಿ, ಅದರ ಉಚ್ಚಾರವನ್ನೂ ಹೇಳುತ್ತಿತ್ತು. ಕೆಳಗಿನ ಗಾಜಿನ ಮೇಲೆ ಕಡ್ಡಿಯಿಂದ ಅದನ್ನು ಬರೆಯಬೇಕು. ಗೀಟು ಹಿಂದುಮುಂದಾದರೆ ಕಿರ್ರೆನ್ನುತ್ತಿತ್ತು, ಸರಿಯಾದರೆ ಸಣ್ಣ ಗಂಟೆಯ ಸದ್ದು ಮಾಡುತ್ತಿತ್ತು. ಅದರಲ್ಲೇ ಒಂದು ಶಬ್ದಕೋಶವೂ ಇತ್ತು. ಗೊತ್ತಿಲ್ಲದ ಅಕ್ಷರವನ್ನು ಕಂಡ ಹಾಗೆ ಬರೆದರೆ ಇಂಗ್ಲಿಷಿನಲ್ಲಿ ಅರ್ಥ ಹೇಳುತ್ತಿತ್ತು.

ಮದುವೆಯಾದ ಆರು ತಿಂಗಳಿಗೆ ಅಣ್ಣನಿಗೆ ಜಪಾನಿಗೆ ಹೋಗುವ ಯೋಗ ಬಂತು. ಹೊಸ ಫೋನು ಕೊಂಡಿದ್ದ, ಗೇಮು ಬೇಡವಾಯಿತು. ಚೀಲ ಕಟ್ಟುವಾಗ ವೈನಿ ಕೇಳಿದಳು, “ಇದರಾಗ ನಾನೂ ಕಲೀಲೇನ್ರಿ?”

“ನೀನಾ? ಔರಾದ ಕಡೆಯೋರಿಗಿ ಕನ್ನಡಾನೇ ನೆಟ್ಟಗ ಬರಲ್ಲ. ಆಡ್ಕೋತ ಕೂಡು, ಹೊತ್ತು ಹೋಗ್ತದ” ಎಂದ ಅಣ್ಣ.

ಅವು ಮಳೆ ಕೈಕೊಟ್ಟ ವರ್ಷಗಳು. ನಮ್ಮ ಓಣಿಗೆ ಟ್ಯಾಂಕರ್ ಬರುವ ದಿನ ಬೆಳಿಗ್ಗೆಯಿಂದಲೇ ಕೊಡಗಳ ಸಾಲು. ವೈನಿಯ ತವರು ಔರಾದಿನ ಆಚೆ, ಮಹಾರಾಷ್ಟ್ರದ ಗಡಿಗೆ ಹತ್ತಿದ ಹಳ್ಳಿ. ಅಲ್ಲಿ ಕುಡಿಯುವ ನೀರಿಗೇ ಗತಿಯಿಲ್ಲದಾಗಿ ಅವಳ ಅಪ್ಪ ಅವ್ವ ಮನೆಗೆ ಕೀಲಿ ಹಾಕಿ, ಕಟ್ಟಡದ ಕೆಲಸಕ್ಕೆ ಹೈದರಾಬಾದಿನ ಬಸ್ಸು ಹತ್ತಿದ್ದರು. ಯಾವಾಗಲೋ ಒಮ್ಮೆ ಮೇಸ್ತ್ರಿಯ ಫೋನಿನಿಂದ ಮಾತಾಡುತ್ತಿದ್ದರು, ಅಷ್ಟೇ. ಹಬ್ಬಕ್ಕೆಂದು ಹೋಗಲು ವೈನಿಗೆ ಊರಿತ್ತು, ಮನೆ ಇರಲಿಲ್ಲ.

ಆಗ ಅವಳು ಗೇಮು ಹಿಡಿದಳು. ಕೊಡ ಬೋರಲು ಹಾಕಿ ಅದರ ಮೇಲೆ ಕೂತು, ಟ್ಯಾಂಕರ್ ಬರುವ ತನಕ ಗಾಜಿನ ಮೇಲೆ ಗೀಟು ಎಳೆಯುತ್ತಿದ್ದಳು. ಓಣಿಯ ಹೆಂಗಸರು ನಗುತ್ತಿದ್ದರು. ಕರೆಂಟು ಇದ್ದ ತಾಸಿನಲ್ಲಿ ಮರೆಯದೆ ಚಾರ್ಜಿಗೆ ಹಚ್ಚುತ್ತಿದ್ದಳು. ನಾನು ಬಿ.ಎ. ಓದುತ್ತಿದ್ದೆ, ಮಾಳಿಗೆಯ ಮೇಲೆ ನನ್ನ ಪಕ್ಕ ಕೂತು ಇಂಗ್ಲಿಷ್ ಅರ್ಥ ಕೇಳುತ್ತಿದ್ದಳು. ಮರ ಅನ್ನುವ ಗುರುತು ಎರಡು ಸಲ ಬರೆದರೆ ತೋಪು, ಮೂರು ಸಲ ಬರೆದರೆ ಅಡವಿ. ಅದು ಅವಳಿಗೆ ಬಹಳ ಹಿಡಿಸಿತ್ತು. ಗಂಡ ಬಂದಾಗ ಅವನ ಹೆಸರು ಬರೆದು ತೋರಿಸಬೇಕು ಎನ್ನುವುದೊಂದೇ ಆಸೆ.

ಒಂದೂವರೆ ವರ್ಷದ ಮೇಲೆ ಅಣ್ಣ ರಜೆಗೆ ಬಂದ. ಊಟ ಆದ ಮೇಲೆ ವೈನಿ ಅವನೆದುರು ಕೂತು, ಗಾಜಿನ ಮೇಲೆ ಅವನ ಹೆಸರು ಬರೆದಳು. ಅವನು ಯಂತ್ರವನ್ನು ಅವ್ವನ ಕಡೆ ತಿರುಗಿಸಿದ.

“ನೋಡವ್ವ, ಕೋಳಿ ಕೆದರಿದಂಗ ಅದ.”

ಅವ್ವ ನಕ್ಕಳು. ವೈನಿ ಗೇಮು ಮುಚ್ಚಿ ಒಳಗೆ ಹೋದಳು. ಆಮೇಲೆ ಎಂದೂ ಅವನೆದುರು ಅದನ್ನು ತೆರೆಯಲಿಲ್ಲ. ಹೀಗಾಗಿ ಅವಳಿಗೆ ಬರುವುದು ಅಷ್ಟೇ ಎಂದು ಅವನು ತಿಳಿದ.

ಎರಡು ದಿನ ಕಳೆದಿರಬಹುದು. ಅಣ್ಣ ಚಹಾ ಕುಡಿಯುತ್ತಿದ್ದ, ಫೋನು ಎದುರಿಗೆ ಸ್ಟೂಲಿನ ಮೇಲಿತ್ತು. ಅದು ಬೆಳಗಿತು. ಪರದೆಯ ತುಂಬ ಜಪಾನಿ ಅಕ್ಷರ. ವೈನಿ ಬಗ್ಗಿ ಬಿಸ್ಕೀಟಿನ ತಾಟು ಇಡುತ್ತಿದ್ದಳು. ಅವನು ಫೋನನ್ನು ಬೋರಲು ಸಹ ಹಾಕಲಿಲ್ಲ. ಈ ಮನೆಯಲ್ಲಿ ಅದನ್ನು ಓದುವವರು ಯಾರಿದ್ದಾರೆ ಎಂಬ ಧೈರ್ಯ. ಆ ಧೈರ್ಯ ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ವೈನಿ ಓಡುತ್ತ ಮಾಳಿಗೆಗೆ ಹೋದಳು, ನಾನೂ ಹಿಂದೆ ಹೋದೆ. ಮರೆಯುವ ಮೊದಲು ಬರೆಯಬೇಕಿತ್ತು ಅವಳಿಗೆ. ಎರಡು ಅಕ್ಷರ. ಮೊದಲನೆಯದಕ್ಕೆ ಎಡಗಡೆ ದಾರದ ಗುರುತು, ಎರಡನೆಯದಕ್ಕೆ ಹೆಣ್ಣಿನ ಗುರುತು. ಉಳಿದ ಭಾಗಕ್ಕೆ ಸ್ವಲ್ಪ ತಡಕಾಡಿದಳು. ಯಂತ್ರ ಇಂಗ್ಲಿಷಿನಲ್ಲಿ ಅರ್ಥ ತೋರಿಸಿತು.

“ಏನಂತದ?” ಎಂದಳು.

“ಮದುವಿ” ಎಂದೆ.

“ಅದರ ಹಿಂದ ಅವ್ರ ಹೆಸರಿತ್ತು. ಮುಂದ ಯಾವಾಗ ಅಂತ ಕೇಳಿದಂಗಿತ್ತು.” ಅವಳು ಅಳಲಿಲ್ಲ. ಗಾಜನ್ನು ಸೆರಗಿನಿಂದ ಒರೆಸಿ, ಆ ಎರಡು ಅಕ್ಷರವನ್ನು ಮತ್ತೆ ಬರೆದಳು. ಮತ್ತೆ ಬರೆದಳು. ಕಡ್ಡಿ ಗಾಜಿನ ಮೇಲೆ ಕಿರುಗುಟ್ಟುತ್ತಿತ್ತು.

ಅವ್ವನಿಗೆ ಹೇಳೋಣ ಎಂದೆ ನಾನು.

“ಬ್ಯಾಡ. ಈಗ ಹೇಳಿದ್ರ ಸುಳ್ಳು ಅಂತಾರ. ಅಕಿಗಿ ಏನ್ ತಿಳೀತದ, ಹುಚ್ಚಿ ಅಂತಾರ. ಒಂದಿನ ಅವ್ರೇ ಕರ್ಕೊಂಡು ಬರ್ತಾರ ನೋಡು. ಅಲ್ಲಿ ತನಕ ನಾ ಬರೀತೇನಿ.”

ಅಣ್ಣ ಮರಳಿ ಹೋದ. ವೈನಿ ಬರೆದಳು. ಅದು ಕಲಿಕೆಯಂತಿರಲಿಲ್ಲ, ಚೂರಿ ಮಸೆದಂತಿತ್ತು. ಈ ಬಿಳಿ ಕಡ್ಡಿ ಕಳೆದದ್ದು ಆ ದಿನಗಳಲ್ಲೇ. ಮನೆಯೆಲ್ಲ ಹುಡುಕಿದಳು, ಸಿಗಲಿಲ್ಲ. ಬಾಲ್‌ಪೆನ್ನಿನ ಕ್ಯಾಪಿನಿಂದ ಬರೆಯತೊಡಗಿದಳು. ಗಾಜಿನ ತುಂಬ ಗೀರು ಬಿದ್ದವು. ಗೇಮಿನೊಳಗಿನ ಹೆಣ್ಣುದನಿ ಹೇಳಿದ್ದನ್ನು ತಾನೂ ಹೇಳಿ, ಕಿವಿ ಪಳಗಿಸಿಕೊಂಡಳು. ನಾನೂ ಅವಳ ಜೊತೆ ಕಾಯುತ್ತಿದ್ದೆ. ಒಡಹುಟ್ಟಿದವನು ಸಿಕ್ಕಿಬೀಳಲಿ ಎಂದು ಕಾಯುವುದು ಹೇಗಿರುತ್ತದೆಂದು ಕೇಳಿದರೆ, ಹಿತವಾಗಿತ್ತು ಎಂದೇ ಹೇಳಬೇಕು.

ಮರುವರ್ಷ ಅಣ್ಣನ ಫೋನು ಬಂತು. ಅವ್ವನಿಗೆ ಕಿವಿ ಮಂದ, ಸ್ಪೀಕರ್ ಹಚ್ಚಿಯೇ ಮಾತಾಡುತ್ತಿದ್ದಳು. ಕಂಪನಿಯ ಒಬ್ಬ ಮೇಡಮ್ ಬೀದರ ನೋಡಲು ಬರುತ್ತಾರೆ. ಮದುವೆಯಾದವರನ್ನು ಅಲ್ಲಿ ಬಹಳ ದಿನ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಎರಡು ದಿನದ ಮಟ್ಟಿಗೆ ವೈನಿಯನ್ನು ತನ್ನ ತಂಗಿ ಎನ್ನಬೇಕು, ಮದುವೆಯ ಫೋಟೊ ಗೋಡೆಯಿಂದ ತೆಗೆಯಬೇಕು. ಇಷ್ಟು ಹೇಳಿದ.

“ಅಕಿ ಏನರ ತಕರಾರು ಮಾಡಿದ್ರ?” ಅವ್ವ ಕೇಳಿದಳು.

“ಮಾಡಿ ಎಲ್ಲಿಗಿ ಹೋಗ್ತಾಳವ್ವ? ತವರಿಗಿ ಕೀಲಿ ಬಿದ್ದದ.”

ವೈನಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಲ್ಲಲಿಲ್ಲ. ಅವ್ವ ಬಂದು, ತಾಳಿಯನ್ನೂ ಎರಡು ದಿನ ತೆಗೆದಿಡು ಎಂದಾಗ, “ಆಯ್ತರಿ ಅತ್ತಿ” ಎಂದಷ್ಟೇ ಅಂದಳು.

ಅಣ್ಣ, ಆ ಮೇಡಮ್ ಇಬ್ಬರೂ ಬಂದರು. ಹೈದರಾಬಾದಿನಿಂದ ಬಾಡಿಗೆ ಕಾರು. ಆ ಹೆಣ್ಣುಮಗಳು ಅಣ್ಣನ ವಯಸ್ಸಿನವಳೇ, ಮೋಟುಗೂದಲು, ಮಾತಿಗೊಮ್ಮೆ ತಲೆ ಬಗ್ಗಿಸುವವಳು. ಗೋಡೆಯ ಮೇಲಿನ ಬುದ್ಧನ ಫೋಟೊ ಕಂಡು ಚಪ್ಪಲಿ ಬಿಟ್ಟಲ್ಲೇ ಕೈಮುಗಿದು ನಿಂತಳು. ಅವ್ವನನ್ನು “ಅವ್ವ” ಎಂದೇ ಕರೆದಳು. ಅಣ್ಣ ಹೇಳಿಕೊಟ್ಟಿದ್ದ. ನಮ್ಮಿಬ್ಬರನ್ನೂ ತೋರಿಸಿ, ತಂಗಿಯರು ಎಂದ. ಅವಳು ಇಬ್ಬರ ಕೈಯನ್ನೂ ಹಿಡಿದಳು. ಅವಳ ಮೇಲೆ ಸಿಟ್ಟು ಬರಲೇ ಇಲ್ಲ ನನಗೆ, ಎಷ್ಟು ಯತ್ನಿಸಿದರೂ...

ಹೋಳಿಗೆ ಉಣ್ಣುತ್ತ ಅವಳು ಅವ್ವನ ಕಡೆ ತಿರುಗಿ ನಿಧಾನವಾಗಿ ಏನೋ ಹೇಳಿದಳು. ಕಣ್ಣಲ್ಲಿ ನೀರಿತ್ತು.

“ಬೀದರ ಕೋಟಿ ಭಾಳ ಚೆಂದ ಅದ ಅಂತಾರ” ಎಂದ ಅಣ್ಣ.

ಒಳಗೆ ನೀರು ತರಲು ಹೋದಾಗ ವೈನಿ ನನ್ನ ಕಿವಿಯಲ್ಲಿ ಹೇಳಿದಳು, “ಕೋಟಿ ಅಲ್ಲ. ನಿಮ್ಮ ಮಗಳಾಗಿ ಇರ್ತೇನಿ ಅಂದಳು ಪಾಪ. ಅಕಿಗೂ ಮೋಸನೇ ಆಗ್ಯಾದ.”

ಚಹಾದ ಹೊತ್ತಿಗೆ ವೈನಿ ಗೇಮನ್ನು ತಂದು ಸ್ಟೂಲಿನ ಮೇಲೆ ಇಟ್ಟಳು. ಅದನ್ನು ನೋಡಿದ್ದೇ ಆ ಹೆಣ್ಣುಮಗಳು ಮಗುವಿನ ಹಾಗೆ ನಕ್ಕಳು. ಚಿಕ್ಕವಳಿದ್ದಾಗ ತನ್ನ ಹತ್ತಿರವೂ ಇತ್ತೆಂದು ಕೈಸನ್ನೆಯಲ್ಲೇ ತೋರಿಸಿದಳು. ಅಣ್ಣ ನಗುತ್ತ ಏನೋ ಹೇಳಿದ. ತಂಗಿಯ ಆಟಿಕೆ ಎಂದಿರಬೇಕು. ವೈನಿ ಅವಳ ಪಕ್ಕ ಕೂತು ಯಂತ್ರ ತೆರೆದಳು. ಪೆನ್ನಿನ ಕ್ಯಾಪಿನಿಂದ ಒಂದು ಅಕ್ಷರ ಬರೆದಳು. ನಾನು. ಬರೆದು, ಎದೆಯ ಮೇಲೆ ಕೈ ಇಟ್ಟುಕೊಂಡಳು.

ಆ ಹೆಣ್ಣುಮಗಳು ಚಪ್ಪಾಳೆ ತಟ್ಟಿದಳು.

ವೈನಿ ಇನ್ನೊಂದು ಬರೆದಳು. ಎಂಟು ಗೀಟಿನ ಅಕ್ಷರ, ಕೆಳಗೆ ಹೆಣ್ಣಿನ ಗುರುತು. ಒಂದೂ ಗೀಟು ಹಿಂದುಮುಂದಾಗಲಿಲ್ಲ. ಹೆಂಡತಿ. ಬರೆದು ಅಣ್ಣನ ಕಡೆ ಬೆರಳು ಮಾಡಿದಳು.

ಚಪ್ಪಾಳೆಯ ಕೈ ಅಲ್ಲೇ ನಿಂತಿತು. ಅಣ್ಣ ಎದ್ದು ನಿಂತ, ಬಡಬಡ ಮಾತಾಡತೊಡಗಿದ. ನಾನು ಒಳಗೆ ಹೋಗಿ, ಹಾಸಿಗೆಯ ಕೆಳಗೆ ಅವ್ವ ಬಚ್ಚಿಟ್ಟಿದ್ದ ಮದುವೆಯ ಫೋಟೊ ತಂದು ಆ ಹೆಣ್ಣುಮಗಳ ತೊಡೆಯ ಮೇಲೆ ಇಟ್ಟೆ. ಆ ಕೆಲಸ ವೈನಿ ಹೇಳಿದ್ದಲ್ಲ, ನನ್ನದೇ. ಇವತ್ತು ಮಾಡೆಂದರೂ ಮಾಡುತ್ತೇನೆ.

ಅವಳು ಫೋಟೊ ನೋಡಿದಳು, ವೈನಿಯ ಮುಖ ನೋಡಿದಳು, ಗೋಡೆಯ ಮೇಲೆ ಫೋಟೊ ಇದ್ದ ಜಾಗದ ಬಿಳಿ ಚೌಕ ನೋಡಿದಳು. ಅಣ್ಣ ಇನ್ನೂ ಮಾತಾಡುತ್ತಿದ್ದ. ಅವಳು ಒಂದೇ ಒಂದು ಶಬ್ದ ಹೇಳಿದಳು, ಅವನು ಸುಮ್ಮನಾದ. ಆಮೇಲೆ ವೈನಿಯ ಕೈಯಿಂದ ಆ ಕ್ಯಾಪು ತಗೊಂಡು, ವೈನಿಗೆ ಓದಲು ಬರುವಂಥ ಸುಲಭ ಅಕ್ಷರಗಳಲ್ಲಿ, ಒಂದೊಂದಾಗಿ ಬರೆದಳು.

“ಏನಂತಾಳ?” ಅವ್ವ ಕೇಳಿದಳು. ಆ ದಿನ ಮೊದಲ ಸಲ ಅವ್ವ ಅಣ್ಣನನ್ನು ಬಿಟ್ಟು ವೈನಿಯನ್ನು ಕೇಳಿದ್ದು.

“ನನಗ ಗೊತ್ತಿರ್ಲಿಲ್ಲ ಅಂತ ಬರ್ದಾಳ್ರಿ” ಎಂದಳು ವೈನಿ.

ಅವಳು ಎದ್ದು ವೈನಿಗೆ ನಡು ಬಗ್ಗಿಸಿ ನಮಸ್ಕಾರ ಮಾಡಿ, ಚೀಲ ಎತ್ತಿಕೊಂಡು ಕಾರು ಹತ್ತಿದಳು. ಅಣ್ಣ ಬರಿಗಾಲಲ್ಲೇ ಹಿಂದೆ ಓಡಿದ. ಓಣಿಯ ತಿರುವಿನಲ್ಲಿ ಟ್ಯಾಂಕರ್ ಅಡ್ಡ ನಿಂತಿತ್ತು. ಕಾರು ಮುಂದೆ ಹೋಗುವಂತಿರಲಿಲ್ಲ. ಕೊಡ ಹಿಡಿದು ನಿಂತ ಅಷ್ಟೂ ಹೆಂಗಸರ ಎದುರು, ಮುಚ್ಚಿದ ಗಾಜಿಗೆ ಕೈ ಬಡಿಯುತ್ತ, ಯಾರಿಗೂ ತಿಳಿಯದ ಭಾಷೆಯಲ್ಲಿ ಅವನು ಗೋಗರೆದ. ಅವಳು ತಿರುಗಿಯೂ ನೋಡಲಿಲ್ಲ. ವೈನಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ನಾನೂ ನೋಡಿದೆ. ಟ್ಯಾಂಕರಿನವನು ಇನ್ನಷ್ಟು ತಡ ಮಾಡಲಿ ಎನಿಸಿತು.

ಒಳಗೆ ಬಂದ ಅಣ್ಣ, “ಯಾವಾಗ ಕಲ್ತಿ ಇದು?” ಎಂದ.

“ಆಡ್ಕೋತ ಕೂಡು, ಹೊತ್ತು ಹೋಗ್ತದ ಅಂದಿದ್ರಲ್ರಿ. ಹೋಯ್ತು.”

ಅವನನ್ನು ಜಪಾನಿಗೆ ಮರಳಿ ಕರೆಸಿಕೊಳ್ಳಲಿಲ್ಲ. ಪುಣೆಯಲ್ಲೂ ಕೆಲಸ ಉಳಿಯಲಿಲ್ಲ. ಆ ತಿಂಗಳುಗಳಲ್ಲಿ ವೈನಿ ಯಾಕೆ ಇನ್ನೂ ನಮ್ಮ ಮನೆಯಲ್ಲಿದ್ದಾಳೆಂದು ನನಗೆ ತಿಳಿಯುತ್ತಿರಲಿಲ್ಲ. ಅಣ್ಣ ಗಾಂಧಿ ಗಂಜ್ ಮಾರುಕಟ್ಟೆಯ ಹತ್ತಿರ ಮೋಟಾರು ರಿಪೇರಿ ಅಂಗಡಿ ಹಾಕಿ, ಒಂದು ಸಂಜೆ, ಆದದ್ದಾಯ್ತು, ಇನ್ನು ಸಂಸಾರ ಮಾಡೋಣ ಎಂದಾಗ ತಿಳಿಯಿತು. ಅವನ ಬಾಯಿಂದ ಈ ಮಾತು ಬರಲಿ ಎಂದೇ ಅವಳು ಕಾದಿದ್ದಳು. ಅವ್ವ ತಾಳಿ ಹಿಡಿದುಕೊಂಡು ಬಂದಳು.

“ತೆಗಿ ಅಂದವ್ರು ನೀವೇ ಅಲ್ರಿ ಅತ್ತಿ? ತೆಗದೇನಿ. ಈಗ ನನಗ ಬ್ಯಾಡ” ಎಂದಳು ವೈನಿ. ಅಣ್ಣನ ಕಡೆ ನೋಡಿ, “ಹೋಗ್ಲಿಕ್ಕ ಜಾಗ ಇಲ್ಲಂತ ಉಳದಿರ್ಲಿಲ್ಲ ನಾ. ನಿಮ್ಮ ಕೈಯ್ಯಾಗಿಂದ ಎರಡೂ ಸಂಸಾರ ಹೋಗೂದು ನೋಡಿ ಹೋಗಬೇಕಂತ ಇದ್ದೆ” ಎಂದಳು.

ಮರುದಿನ ಹೈದರಾಬಾದಿನ ಬಸ್ಸಿಗೆ ಅವಳನ್ನು ಕಳಿಸಲು ನಾನೊಬ್ಬಳೇ ಹೋದೆ. ಒಂದು ಬಟ್ಟೆಯ ಚೀಲ, ಅದರೊಳಗೆ ಗೇಮು. ಕಿಟಕಿಯ ಹತ್ತಿರ ನಿಂತು, “ಫೋನ್ ಮಾಡ್ತೀರಿಲ್ಲ ವೈನಿ?” ಎಂದೆ.

ಅವಳು ಬಹಳ ಹೊತ್ತು ನನ್ನನ್ನು ನೋಡಿದಳು. “ನೀ ಇರದಿದ್ರ ನಾ ಸತ್ತೇ ಹೋಗ್ತಿದ್ದೆ. ಖರೇ, ನಿನ್ನ ಮುಖದಾಗ ಅವ್ರ ಮುಖಾನೇ ಅದ. ನಾ ಏನ್ ಮಾಡ್ಲಿ ಹೇಳು?”

ಬಸ್ಸು ಬಿಟ್ಟಿತು...

ಆಮೇಲೆ ವಕೀಲರ ಕಾಗದ ಬಂತು, ಅಣ್ಣ ಸಹಿ ಹಾಕಿದ. ಜನವಾಡದ ಒಬ್ಬರು, ಹೈದರಾಬಾದಿನಲ್ಲಿ ಅವಳು ನರ್ಸ್ ಹುಡುಗಿಯರಿಗೆ ಜಪಾನಿ ಕಲಿಸುತ್ತಾಳೆ ಎಂದರು. ಇನ್ನೊಬ್ಬರು ಜಪಾನಿಗೇ ಹೋದಳು ಎಂದರು. ಯಾವುದು ಖರೆಯೋ.

ಈಗ ಅವ್ವ ಇಲ್ಲ. ಮನೆಯ ಮೇಲಿನ ಭಾಗ ಅಣ್ಣನಿಗೆ, ಕೆಳಗಿನದು ನನಗೆ. ಅವನು ಮತ್ತೆ ಮದುವೆಯಾಗಲಿಲ್ಲ. ಸಂಜೆ ಅಂಗಡಿ ಮುಚ್ಚಿ ಬಂದು, ಮೆಟ್ಟಿಲು ಹತ್ತುವ ಮೊದಲು ನನ್ನ ಬಾಗಿಲಲ್ಲಿ ಸ್ವಲ್ಪ ನಿಲ್ಲುತ್ತಾನೆ. ಹೋದ ಭಾನುವಾರವೂ ನಿಂತ.

“ಅಕಿದು ಫೋನ್ ಬಂದಿತ್ತೇನು?”

“ಬಂದಿತ್ತು. ಭಾಳ ಆರಾಮ ಇದ್ದಾಳ.”

“ನಂದೇನರ ಕೇಳಿದ್ಲಾ?”

“ಇಲ್ಲ. ನಿನ್ನ ಹೆಸರೇ ಬರ್ಲಿಲ್ಲ.”

ಅವನು ಮೆಟ್ಟಿಲಿನ ಕಟಾಂಜನ ಹಿಡಿದು ನಿಧಾನವಾಗಿ ಮೇಲೆ ಹೋದ. ನನಗೆ ಅಯ್ಯೋ ಎನಿಸಲಿಲ್ಲ. ಮುಂದಿನ ವಾರ ಕೇಳಿದರೂ ಇದನ್ನೇ ಹೇಳುತ್ತೇನೆ. ಬಾಗಿಲು ಹಾಕಿ ಒಳಗೆ ಬಂದು, ಕನ್ನಡಿಯ ಎದುರು ಹಾಯುವಾಗ ಮಾತ್ರ ತಲೆ ತಗ್ಗಿಸಿಯೇ ಹಾಯುತ್ತೇನೆ. ಆ ಬಸ್ಸು ಬಿಟ್ಟ ದಿನದಿಂದ ಇವತ್ತಿನವರೆಗೆ ವೈನಿ ನನಗೆ ಒಂದು ಸಲವೂ ಫೋನು ಮಾಡಿಲ್ಲ.